ಮೂವತ್ತು ಸುತ್ತಿನ ತಾಮ್ರ

ಜೋಸೆಫಿನ್‌ಗೆ ಸಿಟ್ಟು ಬಂದರೆ ರಾಜೀವನಗರದ ಅವಳ ಬೀದಿಯ ನಾಯಿಗಳೂ ಎದ್ದು ಪಕ್ಕದ ಬೀದಿಗೆ ಹೋಗಿ ಮಲಗುತ್ತಿದ್ದವು. ಅಂಥ ಸಿಟ್ಟು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಂಡಿ ಮೊಹಲ್ಲಾದ ನಡುಬೀದಿಯಲ್ಲಿ ಬಂತು.

ಆಗ ಅವಳ ಕೈಯಲ್ಲಿದ್ದದ್ದು ಗಂಡನ ಬೇಸಿನ ಬಾಯಿ. ಬೇಸು ಅಂದರೆ ಬ್ಯಾಂಡ್‌ಸೆಟ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ಕೊಂಬು. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಂಡು, ಹೆಗಲ ಮೇಲೆ ಹೊತ್ತು ಊದುವಂಥದ್ದು. ಅದರ ಬಾಯಿ ಮೊರಕ್ಕಿಂತ ಅಗಲ, ತಿರುಗಿಸಿದರೆ ಕಳಚಿ ಕೈಗೆ ಬರುತ್ತದೆ. ಇನ್ನಾಸಪ್ಪ ಹಗಲು ಗೋಡೆಗಳಿಗೆ ಬಣ್ಣ ಹೊಡೆಯುತ್ತಿದ್ದ, ಮದುವೆ ಹಬ್ಬ ಬಂದಾಗ ಬೇಸು ಊದುತ್ತಿದ್ದ. ಜೋಸೆಫಿನ್ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಿದ್ದಳು. ಊರಿನ ಬ್ಯಾಂಡಿನವರ ಕೊಂಬು, ತುತ್ತೂರಿಗಳ ತಗ್ಗು ತೆಗೆಯುವುದು, ಬಿರುಕಿಗೆ ಬೆಸುಗೆ ಹಾಕುವುದು, ಮೇಣ ಮೆತ್ತಿದ ಬಫಿಂಗ್ ಚಕ್ರಕ್ಕೆ ಹಿಡಿದು ಹೊಳಪು ತರುವುದು ಅವಳ ಕಸುಬು. ಹೊಳಪಿನ ಮೇಲೆ ನಿಕಲ್ ಏರಿಸುವುದಕ್ಕೆ ಮಾತ್ರ ಮಂಡಿ ಮೊಹಲ್ಲಾದ ವಿಜಯ್‌ಕುಮಾರನ ಅಂಗಡಿಗೆ ಹೋಗಬೇಕಿತ್ತು.

"ಇದೇನ್ರೀ ಇದು? ನಿಕಲ್ ಹಾಕಿದ್ದೀರೋ, ಈರುಳ್ಳಿ ಸಿಪ್ಪೆ ಅಂಟಿಸಿದ್ದೀರೋ?" ಎಂದು ಜೋಸೆಫಿನ್ ಉಗುರಿನಿಂದ ಕೆರೆದಳು. ಅಂಗೈಯಗಲದ ಪದರವೊಂದು ಎದ್ದು ಬಂತು.

ವಿಜಯ್‌ಕುಮಾರ್ ಟೀ ಲೋಟ ಕೆಳಗಿಡಲಿಲ್ಲ. "ಜೋಸೆಫಿನಮ್ಮ, ಬಫ್ ಮಾಡಿದ ಮೇಣಾನ ಹಂಗೇ ಬಿಟ್ಟು ತರ್ತೀರ. ಮೇಣದ ಮೇಲೆ ನಿಕಲ್ ಕೂರುತ್ತಾ?"

"ನನ್ನ ಕೆಲಸಕ್ಕೆ ಹೆಸರಿಡಬೇಡಿ. ನಿಮ್ಮ ಕರೆಂಟಿಗೆ ತಾಕತ್ತಿಲ್ಲ ಅನ್ನಿ."

"ಹಂಗಾದ್ರೆ ನೀವೇ ಹಾಕ್ಕೊಳ್ಳಿ. ಆದ್ರೆ ಅದಕ್ಕೆ ರೆಕ್ಟಿಫೈಯರ್ ಬೇಕು ತಾಯಿ. ಬಾಯಿ ಇದ್ರೆ ಸಾಲದು."

ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಬೈದಿದ್ದರೆ ಜೋಸೆಫಿನ್ ಎರಡು ಬೈದು ಮನೆಗೆ ಹೋಗುತ್ತಿದ್ದಳು. ಬೇರೆಯವರ ನಗು ಮಾತ್ರ ಅವಳಿಂದ ಸಹಿಸಲಾಗುತ್ತಿರಲಿಲ್ಲ.

"ಕಟ್ತೀನಿ ಕಣ್ರೀ! ರೆಕ್ಟಿಫೈಯರೂ ನಾನೇ ಕಟ್ತೀನಿ, ನಿಕಲ್ಲೂ ನಾನೇ ಹಾಕ್ತೀನಿ. ಮರಿಯ ಮಾತೆ ಹಬ್ಬದ ಮೆರವಣಿಗೆ ನಿಮ್ಮ ಅಂಗಡಿ ಮುಂದೇನೇ ತಾನೆ ಬರೋದು? ಅವತ್ತು ಹೊರಗೆ ನಿಂತು ನೋಡಿ. ಈ ಬಾಯಿ ಹೊಳೀಲಿಲ್ಲ ಅಂದ್ರೆ ಈ ಕಸುಬೇ ಬಿಟ್ಟುಬುಡ್ತೀನಿ!"

ಆಟೋ ಹತ್ತಿದ ಮೇಲೆ ಅವಳಿಗೆ ತಾನು ಏನು ಹೇಳಿಬಂದೆ ಎನ್ನುವುದು ಒಂದೊಂದಾಗಿ ತಿಳಿಯುತ್ತ ಬಂತು. ನಿಕಲ್ ತೊಟ್ಟಿಯ ಕೆಲಸವನ್ನು ಅವಳು ವರ್ಷಗಟ್ಟಲೆ ನಿಂತು ನೋಡಿದ್ದಳು. ಹಸಿರು ನೀರು, ಅದರಲ್ಲಿ ಒಂದು ಕಡೆ ನಿಕಲ್ ತಗಡು, ಇನ್ನೊಂದು ಕಡೆ ಹಿತ್ತಾಳೆ ಸಾಮಾನು, ಅಷ್ಟು ಬರುತ್ತಿತ್ತು. ಬಾರದೆ ಇದ್ದದ್ದು ಕರೆಂಟು. ಮನೆಯ ಕರೆಂಟನ್ನು ಕೆಲವೇ ವೋಲ್ಟಿಗೆ ಇಳಿಸಿ, ಹಿಂದೆ ಮುಂದೆ ಓಲಾಡುವುದನ್ನು ಒಂದೇ ದಿಕ್ಕಿಗೆ ತಿರುಗಿಸಿ, ಕಾಲುವೆ ಬಿಟ್ಟ ಹಾಗೆ ಧಾರಾಳವಾಗಿ ಹರಿಸುವ ಪೆಟ್ಟಿಗೆಯೇ ರೆಕ್ಟಿಫೈಯರ್ ಎಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯ ಒಳಗೇನಿದೆ ಎಂದು ಗೊತ್ತಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ಮುಗಿದಿತ್ತು, ಆ ಶಾಲೆಗೆ ಕರೆಂಟೇ ಬಂದಿರಲಿಲ್ಲ.

ಮನೆಗೆ ಬಂದವಳು ಮಾಡಿದ ಮೊದಲ ಕೆಲಸ, ಬೇಸಿನ ಬಾಯಿಯನ್ನು ಚಕ್ರಕ್ಕೆ ಹಿಡಿದು ಉಳಿದ ನಿಕಲ್ಲನ್ನೂ ಉಜ್ಜಿ ತೆಗೆದದ್ದು. ಸಂಜೆ ಇನ್ನಾಸಪ್ಪ ಮೈಮೇಲೆ ಸುಣ್ಣದ ಚುಕ್ಕೆ ಹೊತ್ತು ಬಂದಾಗ ಬಾಯಿ ಬರಿ ಹಿತ್ತಾಳೆಯಾಗಿ, ಹಳೆಯ ಬೆಸುಗೆಯ ಮಚ್ಚೆಗಳೆಲ್ಲ ಎದ್ದು ಕಾಣುತ್ತ, ತೊನ್ನು ಹಿಡಿದ ಮುಖದ ಹಾಗೆ ಗೋಡೆಗೆ ಒರಗಿತ್ತು.

ಇನ್ನಾಸಪ್ಪ ನಿಧಾನದ ಮನುಷ್ಯ. ನಡೆದ ಕಥೆ ಪೂರ್ತಿ ಕೇಳಿ, ಕಾಫಿ ಪೂರ್ತಿ ಕುಡಿದು, ಆಮೇಲೆ ಕೇಳಿದ. "ಅಂದ್ರೆ, ನೀನು ಕಟ್ಟಿದ್ದು ಕೆಲಸ ಮಾಡ್ಲಿಲ್ಲ ಅಂದ್ರೆ, ಅವನ ಅಂಗಡಿ ಮುಂದೆ ಈ ಬಾಯಿ ಹೊತ್ಕೊಂಡು ಹೋಗೋನು ನಾನು ಅನ್ನು."

"ನೀವೇ."

"ಆಯ್ತು ಬುಡು. ಗೊತ್ತಿದ್ರೆ ಒಳ್ಳೇದು, ಅದಕ್ಕೇ ಕೇಳ್ದೆ."

ಜೋಸೆಫಿನ್‌ಳ ತಮ್ಮ ಪ್ರಿನ್ಸ್‌ಗೆ ಶ್ರೀರಾಂಪುರದಲ್ಲಿ ಟೀವಿ, ಮೊಬೈಲು ರಿಪೇರಿ ಅಂಗಡಿ. ಫೋನಿನಲ್ಲಿ ಅಕ್ಕನ ಮಾತು ಕೇಳಿ ಅವನು ಬಿದ್ದು ಬಿದ್ದು ನಕ್ಕ. ತಮ್ಮನ ನಗುವಿಗೆ ರಿಯಾಯಿತಿ ಇತ್ತು. ಮುಂದಿನ ಭಾನುವಾರ ಪೂಜೆ ಮುಗಿಸಿ ಬರುವಾಗ ಅವನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗುಜರಿಯಿಂದ ತಂದ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಬಂದ. ಯಾವುದೋ ದೊಡ್ಡ ಸ್ಟೆಬಿಲೈಜರಿನ ಹೊಟ್ಟೆಯಲ್ಲಿದ್ದದ್ದು. ಒರಳುಕಲ್ಲಿನ ತೂಕ.

"ಅಕ್ಕ, ಎಲೆಕ್ಟ್ರಾನಿಕ್ಸ್ ಕಲಿಯೋರು ಮೊದಲು ಒಂದು ಸಣ್ಣ ಎಲ್‌ಇಡಿ ಹತ್ತಿಸ್ತಾರೆ, ಖುಷಿ ಪಡ್ತಾರೆ. ನೀನು ಐವತ್ತು ಆಂಪಿಯರಿಂದ ಶುರು ಮಾಡ್ತಿದ್ದೀಯ. ಸೈಕಲ್ ಕಲಿಯಕ್ಕೆ ಲಾರಿ ಹತ್ತಿದಂಗೆ."

"ಲಾರಿಯಿಂದ ಮಂಡಿ ತರಚಲ್ಲ ಕಣೋ. ಮುಂದೆ ಹೇಳು."

ಪ್ರಿನ್ಸ್ ವೋಲ್ಟು, ಆಂಪಿಯರ್ ಅಂತ ಶುರು ಮಾಡಿದ. ನೀರಿನ ಟ್ಯಾಂಕು ಅಂದ, ನಲ್ಲಿ ಅಂದ. ಜೋಸೆಫಿನ್ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. ಗೋಡೆಗೆ ನೇತುಹಾಕಿದ್ದ ಕೊಂಬುಗಳ ಕಡೆಗೆ ಅವಳ ಕಣ್ಣು ಹೋಯಿತು.

"ನಿಲ್ಸು. ವೋಲ್ಟು ಅಂದ್ರೆ ಊದೋ ಬಲ. ಆಂಪಿಯರ್ ಅಂದ್ರೆ ಒಳಗೆ ಹೋಗೋ ಗಾಳಿ. ಸಣ್ಣ ತುತ್ತೂರಿಗೆ ಬಲ ಜಾಸ್ತಿ, ಗಾಳಿ ಕಡಿಮೆ, ಕೆನ್ನೆ ಹರಿದುಹೋಗುತ್ತೆ. ಬೇಸಿಗೆ ಬಲ ಕಡಿಮೆ, ಗಾಳಿ ಮಾತ್ರ ಹೊಟ್ಟೆ ತುಂಬ ಬೇಕು. ಸರಿನಾ?"

ಪ್ರಿನ್ಸ್ ಕೊಂಬುಗಳನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. "ಸರಿ ಕಣಕ್ಕ."

"ಹಂಗಾದ್ರೆ ನನಗೆ ಬೇಕಾಗಿರೋದು ಬೇಸು ಕರೆಂಟು. ಅಷ್ಟು ಹೇಳಕ್ಕೆ ಅರ್ಧ ಗಂಟೆ ಟ್ಯಾಂಕು ನಲ್ಲಿ ಅಂತ ಕೊರೆದ್ಯಲ್ಲ!"

ಇನ್ನಾಸಪ್ಪ ಬಾಗಿಲಲ್ಲಿ ನಿಂತು ನಕ್ಕ. "ಮೂವತ್ತು ವರ್ಷದಿಂದ ಊದ್ತಾ ಇದ್ದೀನಿ, ನನ್ನ ಹೊಟ್ಟೇಲಿ ಕರೆಂಟಿದೆ ಅಂತ ಇವತ್ತು ಗೊತ್ತಾಯ್ತು."

ಅಲ್ಲಿಂದ ಕೆಲಸ ಶುರುವಾಯಿತು. ಮನೆಯ ಕರೆಂಟು ಬಂದು ಸೇರುವ ಕಡೆಯನ್ನು ಮುಟ್ಟಬಾರದು, ಅದನ್ನು ತಾನೇ ಕಟ್ಟುತ್ತೇನೆ ಎಂದು ಪ್ರಿನ್ಸ್ ತನ್ನ ತಲೆಯ ಮೇಲೆ ಅವಳ ಕೈಯಿಡಿಸಿ ಆಣೆ ಮಾಡಿಸಿಕೊಂಡ. ಉಳಿದದ್ದೆಲ್ಲ ಅವಳದು. ಜೋಸೆಫಿನ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಎಲೆಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದಳು, ಹಳೆಯ ತೆಳು ತಂತಿಯ ಹೊರಸುತ್ತನ್ನು ಬಿಚ್ಚಿದಳು. ಪರೀಕ್ಷೆಗೆ ಹತ್ತು ಸುತ್ತು ಸುತ್ತಿ ಮೀಟರ್ ಹಿಡಿದಾಗ ಮೂರು ವೋಲ್ಟಿನ ಮೇಲೆ ಸ್ವಲ್ಪ ತೋರಿಸಿತು. ಹತ್ತು ವೋಲ್ಟಿಗೆ ಮೂವತ್ತು ಸುತ್ತು ಬೇಕು ಎಂದು ಬಾಯಿಲೆಕ್ಕ ಹಾಕಿದಳು.

ಐವತ್ತು ಆಂಪಿಯರ್ ಹೊರುವ ಒಂದೇ ದಪ್ಪ ತಂತಿ ಕೈಗೆ ಬಗ್ಗುತ್ತಿರಲಿಲ್ಲ. ಅದಕ್ಕೆ ಪ್ರಿನ್ಸ್ ಉಪಾಯ ಹೇಳಿದ: ಅದರ ಅರ್ಧ ದಪ್ಪದ ತಂತಿಯಲ್ಲಿ ಮೂವತ್ತು ಸುತ್ತಿನ ಸುರುಳಿ ಎರಡು ಮಾಡು, ಎರಡರ ತುದಿಗಳನ್ನೂ ಜೋಡಿಸು, ಹೊರೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಜೋಡೆತ್ತು ಕಟ್ಟಿದ ಹಾಗೆ ಎಂದು ಜೋಸೆಫಿನ್ ಅರ್ಥಮಾಡಿಕೊಂಡಳು.

ಸುತ್ತುವಾಗ ಲೆಕ್ಕ ತಪ್ಪಬಾರದು. ಅಂಗಡಿ ಅಂದಮೇಲೆ ಒಬ್ಬರಲ್ಲ ಒಬ್ಬರು ಬಂದು ಮಾತಾಡಿಸುತ್ತಾರೆ, ಬಾಯಲ್ಲಿ ಎಣಿಸಿದ್ದು ಹಾರಿಹೋಗುತ್ತದೆ. ಅವಳ ಹಳ್ಳಿಯಲ್ಲಿ ಅವ್ವಂದಿರು ಹಪ್ಪಳ ಎಣಿಸುತ್ತಿದ್ದದ್ದೂ, ಹೂವಿನ ಮೊಳ ಎಣಿಸುತ್ತಿದ್ದದ್ದೂ ಜಪಸರದಲ್ಲಿ. ಒಂದು ಮಣಿಗೆ ಒಂದು. ಜಪಸರದಲ್ಲಿ ಹತ್ತು ಸಣ್ಣ ಮಣಿ, ಮಧ್ಯೆ ಒಂದು ದೊಡ್ಡ ಮಣಿ, ಮತ್ತೆ ಹತ್ತು ಸಣ್ಣ ಮಣಿ. ಜೋಸೆಫಿನ್ ಮೊಳೆಗೆ ಜಪಸರ ನೇತುಹಾಕಿ, ಬಲಗೈಯಲ್ಲಿ ತಂತಿ ಎಳೆದು ಸುತ್ತುತ್ತ, ಎಡಗೈಯಲ್ಲಿ ಮಣಿ ಸರಿಸುತ್ತ, ಮಂತ್ರವನ್ನೂ ಮುಗಿಸಿಕೊಂಡು ಮೊದಲ ಸುರುಳಿ ಸುತ್ತಿದಳು. ತಂತಿಯ ಮೇಲೆ ತಂತಿ ಹತ್ತಲಿಲ್ಲ, ಮಧ್ಯೆ ಸಂದು ಬಿಡಲಿಲ್ಲ. ಮುಗಿದಾಗ ಅದು ಹೊಸ ಬಳೆಗಳನ್ನು ಒತ್ತಾಗಿ ಜೋಡಿಸಿದ ಹಾಗೆ ಕಂಡಿತು. ತಾನು ಮಾಡಿದ್ದನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿದಳು.

ಮಾರನೆಯ ದಿನ ಅವಳ ಹೆಗಲು ಎತ್ತಲಾಗಲಿಲ್ಲ. ಎರಡನೆಯ ಸುರುಳಿಯನ್ನು ಇನ್ನಾಸಪ್ಪ ಸುತ್ತಿದ. ಅವನ ಕೈ ಕೂಡ ಅಷ್ಟೇ ನೇರ. ಗೋಡೆಯ ಅಂಚಿಗೆ ಬಣ್ಣ ಎಳೆಯುವ ಕೈ.

ಓಲಾಡುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಬಿಲ್ಲೆಗಳಿಗೆ ಡಯೋಡು ಎಂದು ಹೆಸರು. ಅವು ವಿಪರೀತ ಕಾಯುತ್ತವೆ, ತಣ್ಣಗಿಡಲು ದಪ್ಪ ಅಲ್ಯೂಮಿನಿಯಂ ಬೇಕು ಎಂದ ಪ್ರಿನ್ಸ್. ಜೋಸೆಫಿನ್ ಅಡುಗೆಮನೆಗೆ ಹೋಗಿ ಹಳೆಯ ಅಲ್ಯೂಮಿನಿಯಂ ಡಬರಿ ತಂದು, ಅದರ ತಳಕ್ಕೆ ಹೊರಗಡೆಯಿಂದ ಡಯೋಡುಗಳನ್ನು ಬೋಲ್ಟು ಹಾಕಿ ಬಿಗಿದು, ತೂತುಗಳಿಗೆ ಮೇಣದಂಥ ಅಂಟು ಮೆತ್ತಿ, ಮುಕ್ಕಾಲು ಭಾಗ ನೀರು ತುಂಬಿದಳು.

"ಅಕ್ಕ, ಇದನ್ನ ನಾನು ಯಾವ ವೀಡಿಯೋದಲ್ಲೂ ನೋಡಿಲ್ಲ."

"ನೀನು ನೋಡಿರೋ ವೀಡಿಯೋದೋರ ಮನೇಲಿ ಡಬರಿ ಇಲ್ಲ ಅನ್ಸುತ್ತೆ."

ಮೊದಲ ಪರೀಕ್ಷೆಗೆ ಮತ್ತೊಂದು ಭಾನುವಾರ ಬಂತು. ನೀಲಿ ಡ್ರಮ್ಮಿನಲ್ಲಿ ನಿಕಲ್ ಉಪ್ಪಿನ ಹಸಿರು ನೀರು ಬೆಚ್ಚಗಿತ್ತು. ಬೇಸಿನ ಬಾಯಿಯನ್ನು ಮುಳುಗಿಸುವ ಧೈರ್ಯ ಆಗಲಿಲ್ಲ. ಅಷ್ಟೇ ಅಗಲದ ಹಳೆಯ ಹಿತ್ತಾಳೆ ತಟ್ಟೆಗಳನ್ನು ತೂಗುಹಾಕಿದರು. ಕರೆಂಟನ್ನು ಏರಿಸಿ ಇಳಿಸುವ ತಿರುಗಣೆಗೆ ಕೈ ಹಾಕಿ ಜೋಸೆಫಿನ್ ಶಿಲುಬೆ ಗುರುತು ಮಾಡಿಕೊಂಡಳು, ನಿಧಾನಕ್ಕೆ ತಿರುಗಿಸಿದಳು. ಮೀಟರಿನ ಮುಳ್ಳು ಹತ್ತಕ್ಕೆ ಬಂತು, ಇಪ್ಪತ್ತು, ಮೂವತ್ತೈದು. ಐವತ್ತು!

"ನೋಡ್ರೋ!" ಎಂದು ಅವಳು ಕೂಗಿದ್ದು ಬೀದಿಗೆ ಕೇಳಿಸಿತು.

ಟ್ರಾನ್ಸ್‌ಫಾರ್ಮರ್ ಮಾತ್ರ ಹೆಜ್ಜೇನಿನ ಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಪ್ರಿನ್ಸ್ ಮೂಗು ಅರಳಿಸಿದ. "ಅಕ್ಕ, ಸಾಂಬ್ರಾಣಿ ಹಾಕಿದ್ದೀಯಾ?"

ಸಾಂಬ್ರಾಣಿಯಲ್ಲ. ಎರಡನೆಯ ಸುರುಳಿಯ ಸಂದಿನಿಂದ ಸಣ್ಣ ನೀಲಿ ಹೊಗೆ ಏಳುತ್ತಿತ್ತು. ಜೋಸೆಫಿನ್ ಸ್ವಿಚ್ಚು ಆರಿಸಿದಳು. ತಟ್ಟೆ ಎತ್ತಿದರೆ ಅರ್ಧಕ್ಕೆ ನಿಕಲ್ ಬಿದ್ದಿತ್ತು, ಉಳಿದರ್ಧ ಮಂಕು. ಹೊರಗೆ ಗೇಟಿನ ಹತ್ತಿರ ನಿಂತಿದ್ದ ಪಕ್ಕದ ಮನೆಯ ತಿಮ್ಮಮ್ಮ, "ಏನಮ್ಮ ಜೋಸೆಫಿನ್, ಏನೋ ಸೀದಂಗಿದೆ?" ಎಂದಳು.

"ಸಾರು!" ಎಂದು ಜೋಸೆಫಿನ್ ಬಾಗಿಲು ಹಾಕಿದಳು.

ಅವಳ ಮುಖ ಕೆಂಪಾಗಿತ್ತು. ಡ್ರಮ್ಮನ್ನು ಒದೆಯುವ ಹಾಗೆ ಕಾಲೆತ್ತಿದವಳು ಒಳಗಿದ್ದ ನಿಕಲ್ ಉಪ್ಪು ನೆನಪಾಗಿ ಇಳಿಸಿದಳು. ಹಬ್ಬಕ್ಕೆ ಮುಂಚಿನ ನವದಿನದ ಪ್ರಾರ್ಥನೆ ಆಗಲೇ ಶುರುವಾಗಿತ್ತು. ಬ್ಯಾಂಡಿನವರು ಅಭ್ಯಾಸಕ್ಕೆ ಬನ್ನಿ ಎಂದು ಇನ್ನಾಸಪ್ಪನಿಗೆ ಫೋನು ಮಾಡಿದ್ದರು. ಮಂಡಿ ಮೊಹಲ್ಲಾದ ಆ ನಗು ಮತ್ತೆ ಕಿವಿಯಲ್ಲಿ ಕೇಳಿಸಿತು.

ಪ್ರಿನ್ಸ್ ಬೆರಳು ತಾಗಿಸಿ ನೋಡಿದ. "ಇದೊಂದು ವಿಚಿತ್ರ ಕಣಕ್ಕ. ಒಂದು ಸುರುಳಿ ಕೈ ಇಡಕ್ಕಾಗಲ್ಲ, ಸುಡ್ತಿದೆ. ಇನ್ನೊಂದು ಸುಮ್ನೆ ಬೆಚ್ಚಗಿದೆ ಅಷ್ಟೇ."

"ಸುಡ್ತಿರೋದು ಯಾರದು?" ಎಂದು ಇನ್ನಾಸಪ್ಪ ಕೇಳಿದ.

"ನಿಮ್ಮದು, ಬಾವ."

"ನೋಡು, ಇಲ್ಲೂ ದುಡಿಯೋನು ನಾನೇ."

ಜೋಸೆಫಿನ್ ನಗಲಿಲ್ಲ. ಜೋಡೆತ್ತಿನ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಅವಳಪ್ಪ ಗಾಡಿ ಕಟ್ಟುತ್ತಿದ್ದ. ಜೋಡಿಯಲ್ಲಿ ಒಂದೆತ್ತು ಹೆಜ್ಜೆ ಮುಂದಿದ್ದರೆ ನೊಗವೆಲ್ಲ ಅದರ ಹೆಗಲಿಗೇ ಬೀಳುತ್ತದೆ, ಹಿಂದಿನದು ಸುಮ್ಮನೆ ಬಾಲ ಬೀಸಿಕೊಂಡು ಬರುತ್ತದೆ. ಅಂಥ ಜೋಡಿ ಕಟ್ಟಿದರೆ ಹೆಗಲು ಹುಣ್ಣಾಗುವುದು ಮುಂದಿನದಕ್ಕೆ.

"ಪ್ರಿನ್ಸ್, ಎರಡನ್ನೂ ಬಿಚ್ಚು. ಬೇರೆ ಬೇರೆ ಅಳಿ."

ಮೀಟರ್ ಹಿಡಿದರು. ಅವಳ ಸುರುಳಿ ಹತ್ತು ವೋಲ್ಟು. ಅವನದು ಹನ್ನೊಂದು.

ಆಮೇಲೆ ಜೋಸೆಫಿನ್ ಒಬ್ಬಳೇ ಮಾತಾಡಿದಳು. ಲೆಕ್ಕ ಬಾರದವರ ಬಗ್ಗೆ, ಕೆಲಸದ ಮೇಲೆ ಗಮನವಿಲ್ಲದವರ ಬಗ್ಗೆ, ಕೈಯಲ್ಲಿ ತಂತಿ ಹಿಡಿದು ಕಿವಿಯನ್ನು ಕ್ರಿಕೆಟ್ ಕಾಮೆಂಟರಿಗೆ ಕೊಡುವವರ ಬಗ್ಗೆ. ಇನ್ನಾಸಪ್ಪ ಎಲ್ಲ ಮುಗಿಯುವ ತನಕ ಕಾದ.

"ನಾನು ಲೆಕ್ಕ ತಪ್ಪಿಲ್ಲ ಕಣೇ. ಜಪಸರ ಹಿಡಿದೇ ಎಣಿಸ್ದೆ. ಮೂರು ಹತ್ತು. ಮಾತೆ ಆಣೆಗೂ ಒಂದು ಮಣಿ ಬಿಟ್ಟಿಲ್ಲ."

"ಬಿಟ್ಟಿಲ್ವಾ? ಹಂಗಾದ್ರೆ ಎಣಿಸಿ ತೋರ್ಸಿ. ನನ್ನ ಮುಂದೆ."

ಇನ್ನಾಸಪ್ಪ ಮೊಳೆಯಿಂದ ಜಪಸರ ತೆಗೆದ. ತಂತಿ ಇದ್ದ ಹಾಗೆ ಗಾಳಿಯಲ್ಲಿ ಬಲಗೈ ಸುತ್ತಿಸುತ್ತ ಶುರು ಮಾಡಿದ. ದೊಡ್ಡ ಮಣಿ ಹಿಡಿದ, ತಂದೆ ದೇವರ ಪರಲೋಕ ಮಂತ್ರ ಅಂದ, ಕೈ ಒಂದು ಸುತ್ತು ಸುತ್ತಿತು. ಆಮೇಲೆ ಸಣ್ಣ ಮಣಿಗಳು. ಒಂದೊಂದಕ್ಕೂ ಮಾತೆಯ ನಮೋ ಮರಿಯ, ಒಂದೊಂದು ಸುತ್ತು. ಮತ್ತೆ ದೊಡ್ಡ ಮಣಿ ಬಂತು. ಕೈ ಮತ್ತೆ ಸುತ್ತಿತು.

"ನಿಲ್ಸಿ!" ಜೋಸೆಫಿನ್ ಅವನ ಕೈ ಹಿಡಿದಳು. "ದೊಡ್ಡ ಮಣಿಗೂ ಸುತ್ತಿದ್ರಾ?"

"ಸುತ್ದೇ ಇರ್ತಾರಾ? ಪರಲೋಕ ಮಂತ್ರ ಬಿಟ್ಟು ಯಾರಾದ್ರೂ ಜಪಸರ ಮಾಡ್ತಾರಾ? ತಾಯಿಗೆ ಹತ್ತು ಸುತ್ತು ಕೊಟ್ಟು ತಂದೆಗೆ ಒಂದೂ ಇಲ್ಲ ಅಂದ್ರೆ ಎಂಗೆ?"

ಮೂರು ದೊಡ್ಡ ಮಣಿ, ಮೂರು ಸುತ್ತು ಹೆಚ್ಚು. ಮೂವತ್ತಲ್ಲ, ಮೂವತ್ತಮೂರು. ಪ್ರಿನ್ಸ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಜೋಸೆಫಿನ್ ಬೈಯಲು ಬಾಯಿ ತೆರೆದಳು. ಆದರೆ ಬೈಯುವುದಾದರೂ ಯಾರನ್ನು? ಜಪಸರದಲ್ಲಿ ಎಣಿಸಿ ಎಂದವಳು ಅವಳೇ. ದೊಡ್ಡ ಮಣಿ ಲೆಕ್ಕಕ್ಕಿಲ್ಲ ಎಂದು ಹೇಳದೆ ಬಿಟ್ಟವಳೂ ಅವಳೇ. ಅವಳ ಹಳ್ಳಿಯಲ್ಲಿ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ. ಅವಳ ಬಾಯಿ ತೆರೆದದ್ದು ಹಾಗೇ ನಗುವಾಯಿತು. ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಮಾರಾಯ್ರೇ, ದೇವರಿಗೆ ಕೊಟ್ಟ ಮೂರು ಸುತ್ತು ನಮ್ಮನೆ ಸುಡ್ತಿತ್ತಲ್ಲ!"

ಕಾದ ಸುರುಳಿಯ ತಂತಿಗಳು ಒಂದಕ್ಕೊಂದು ತಾಗದಂತೆ ಬಳಿದಿದ್ದ ಅರಗು ಕಪ್ಪಾಗಿತ್ತು, ಬರೀ ಮೂರು ಸುತ್ತು ಬಿಚ್ಚಿದರೆ ಸಾಲದು ಎಂದ ಪ್ರಿನ್ಸ್. ಪೂರ್ತಿ ಬಿಚ್ಚಿದರು. ತಂತಿಯ ಉದ್ದಕ್ಕೂ ಹತ್ತಿಯ ಪಟ್ಟಿ ಸುತ್ತಿದರು. ಮಾರನೆಯ ದಿನ ಮಧ್ಯಾಹ್ನ ಇನ್ನಾಸಪ್ಪ ಕೆಲಸಕ್ಕೆ ಹೋಗಲಿಲ್ಲ. ತಂತಿ ಅವಳ ಕೈಯಲ್ಲಿ, ಜಪಸರ ಅವನ ಕೈಯಲ್ಲಿ. ಅವನು ಮಣಿ ಸರಿಸಿ ಮಂತ್ರ ಹೇಳಿದಾಗ ಅವಳು ಒಂದು ಸುತ್ತು ಎಳೆಯುವಳು. ದೊಡ್ಡ ಮಣಿ ಬಂದಾಗ ಅವಳ ಕೈ ತಂತಿಯನ್ನು ಬಿಗಿಯಾಗಿ ಹಿಡಿದು ನಿಲ್ಲುವುದು, ಅವನು ಪರಲೋಕ ಮಂತ್ರವನ್ನು ಪೂರ್ತಿ ಹೇಳಿ ಮುಗಿಸುವನು. ಯಾರೋ ತುತ್ತೂರಿ ಹಿಡಿದು ಬಾಗಿಲಿಗೆ ಬಂದರು. ಒಳಗಿನ ದನಿ ಕೇಳಿ, ಪ್ರಾರ್ಥನೆ ನಡೆಯುತ್ತಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಹೊರಗೇ ನಿಂತರು. ಅದು ಪ್ರಾರ್ಥನೆಯೇ ಆಗಿತ್ತು ಕೂಡ.

ಈ ಸಲ ಹತ್ತು ವೋಲ್ಟು, ಹತ್ತು ವೋಲ್ಟು. ಎರಡನ್ನೂ ಜೋಡಿಸಿ ಕರೆಂಟು ಬಿಟ್ಟಾಗ ಹೆಜ್ಜೇನಿನ ಗೂಡು ಇರಲಿಲ್ಲ. ತುಂಬಿದ ಹೊಟ್ಟೆಯ ಬೆಕ್ಕಿನ ಗುರುಗುರು ಇತ್ತು. ಮುಳ್ಳು ಐವತ್ತಕ್ಕೆ ಏರಿ ಅಲ್ಲೇ ನಿಂತಿತು. ಜೋಸೆಫಿನ್ ಮುಳ್ಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ. ಆಗಾಗ ಎರಡು ಸುರುಳಿಗಳ ಮೇಲೂ ಎರಡು ಕೈ ಇಡುವಳು, ಜ್ವರ ಬಂದ ಮಕ್ಕಳ ಹಣೆ ಮುಟ್ಟಿದ ಹಾಗೆ. ಎರಡೂ ಒಂದೇ ಸಮ ಬೆಚ್ಚಗಿದ್ದವು. ಡಬರಿಯ ನೀರು ಕಾದು ಸ್ನಾನಕ್ಕಾಗುವ ಹದಕ್ಕೆ ಬಂದಿತ್ತು.

"ಕಾಫಿ ಕಾಯಿಸ್ಲಾ ಅದರಲ್ಲಿ?" ಎಂದ ಇನ್ನಾಸಪ್ಪ.

"ಮುಟ್ಟಿ ನೋಡಿ, ಕೈ ಮುರಿತೀನಿ."

ಪರೀಕ್ಷೆಗೆ ಹಾಕಿದ್ದ ತಟ್ಟೆ ಹೊರಗೆ ಬಂದಾಗ ಕನ್ನಡಿಯಾಗಿತ್ತು. ಜೋಸೆಫಿನ್ ತನ್ನ ಮುಖ ನೋಡಿಕೊಂಡಳು, ಕೂದಲು ಸರಿಮಾಡಿಕೊಂಡಳು. ಆಮೇಲೆ ಕಸುಬಿನವರು ಮಾಡುವ ಹಾಗೆ ಉಗುರಿನಿಂದ ಕೆರೆದಳು. ಅಂಚಿನಲ್ಲಿ ಪದರ ಎದ್ದಿತು. ಈರುಳ್ಳಿ ಸಿಪ್ಪೆ.

ಕರೆಂಟಿನ ತಪ್ಪಲ್ಲ. ಮುಳ್ಳು ಕದಲಿರಲಿಲ್ಲ. ತಟ್ಟೆಯ ಹಿಂಬದಿಯಲ್ಲಿ, ಬಫ್ ಮಾಡದ ಕಡೆ, ನಿಕಲ್ ಕಲ್ಲಿನ ಹಾಗೆ ಕಚ್ಚಿ ಕೂತಿತ್ತು. ಬಫ್ ಮಾಡಿದ ಕಡೆ ಮಾತ್ರ ಏಳುತ್ತಿತ್ತು. ಅವಳು ಎರಡೂ ಕಡೆ ಮತ್ತೆ ಮತ್ತೆ ಕೆರೆದು ನೋಡಿದಳು.

"ಮೇಣ," ಎಂದಳು ಕೊನೆಗೆ, ಕಹಿ ಗುಳಿಗೆ ನುಂಗಿದ ಹಾಗೆ. "ಆ ವಿಜಯ್‌ಕುಮಾರ್ ಹೇಳಿದ್ದು ನಿಜ ಕಣ್ರೀ. ನನ್ನ ಬಫಿಂಗ್ ಮೇಣ."

ಇನ್ನಾಸಪ್ಪ ಜಾಣ. ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಅವಳು ಸೋಪಿನ ಪುಡಿ ಹಾಕಿ ನೋಡಿದಳು, ಸೀಮೆಎಣ್ಣೆಯಲ್ಲಿ ಒರೆಸಿ ನೋಡಿದಳು. ನೀರು ಸುರಿದರೆ ಹಿತ್ತಾಳೆಯ ಮೇಲೆ ಹಾಳೆಯಂತೆ ಹರಡಿ ನಿಲ್ಲಬೇಕು. ಹನಿಹನಿಯಾಗಿ ಒಡೆದರೆ ಮೇಣ ಇನ್ನೂ ಇದೆ ಎಂದರ್ಥ. ಒಡೆಯುತ್ತಲೇ ಇತ್ತು. ಕೊನೆಗೆ ರೇಷ್ಮೆ ಸೀರೆ ಒಗೆಯಲೆಂದು ಇಟ್ಟಿದ್ದ ಅಂಟುವಾಳದ ಕಾಯಿ ನೆನಪಾಯಿತು. ಜಜ್ಜಿ, ದೊಡ್ಡ ಹಂಡೆಯಲ್ಲಿ ಕುದಿಸಿ, ಆ ನೊರೆಯಲ್ಲಿ ಬೇಸಿನ ಬಾಯಿಯನ್ನು ಮಗುವಿಗೆ ಎರೆಯುವ ಹಾಗೆ ಎರೆದಳು. ನೀರು ಸುರಿದಳು. ಹಾಳೆಯಂತೆ ನಿಂತಿತು.

ಬಾಯಿ ಹಸಿರು ನೀರಿಗೆ ಇಳಿಯಿತು.

ಹಬ್ಬದ ಸಂಜೆ ಚರ್ಚಿನ ಮುಂದೆ ಬ್ಯಾಂಡು ಸಾಲಾಗಿ ನಿಂತಾಗ ಜನ ಮಾತೆಯ ಹೂವಿನ ಮಂಟಪ ನೋಡಿದರು, ಆಮೇಲೆ ಬೇಸು ನೋಡಿದರು. ಸೀರಿಯಲ್ ಸೆಟ್ಟಿನ ಕೆಂಪು, ಹಸಿರು, ನೀಲಿ ದೀಪಗಳೆಲ್ಲ ಅದರ ಬಾಯಲ್ಲಿ ಓಡಾಡುತ್ತಿದ್ದವು. ಮಕ್ಕಳು ಹತ್ತಿರ ಬಂದು ಅದರಲ್ಲಿ ಮುಖ ನೋಡಿಕೊಂಡು ಹಲ್ಲು ಕಿಸಿದರು. ಇನ್ನಾಸಪ್ಪ ಇಸ್ತ್ರಿ ಮಾಡಿದ ಕೆಂಪು ಕೋಟಿನಲ್ಲಿ ಎದೆ ಮುಂದೆ ಮಾಡಿ ನಿಂತಿದ್ದ. ನಿಧಾನದ ಮನುಷ್ಯನಿಗೂ ಅವತ್ತು ಸ್ವಲ್ಪ ಗತ್ತು ಬಂದಿತ್ತು.

"ಯಾರ ಹತ್ರ ಹಾಕ್ಸಿದ್ದು ಇನ್ನಾಸಪ್ಪ?" ಎಂದು ಕ್ಲಾರಿನೆಟ್ಟಿನವ ಕೇಳಿದ.

"ಮನೇಲಿ," ಎಂದ ಇನ್ನಾಸಪ್ಪ. ಅಷ್ಟೇ.

ಜೋಸೆಫಿನ್ ಹೆಂಗಸರ ಸಾಲಿನಲ್ಲಿ, ಬ್ಯಾಂಡಿನ ಹಿಂದೆಯೇ, ಜಪಸರ ಹಿಡಿದು ನಡೆದಳು. ಬಾಯಲ್ಲಿ ಮಂತ್ರ, ಕಣ್ಣು ಮಾತ್ರ ಮುಂದೆ. ಮಂಡಿ ಮೊಹಲ್ಲಾದ ತಿರುವು ಬಂದಾಗ ಸಾಲಿನ ಅಂಚಿಗೆ ಸರಿದಳು. ವಿಜಯ್‌ಕುಮಾರ್ ಅಂಗಡಿಯ ಮುಂದೆ ಕೈಕಟ್ಟಿ ನಿಂತಿದ್ದ. ಹೇಳಿದ ಹಾಗೆ ಹೊರಗೇ ನಿಂತಿದ್ದ. ಟೀ ಅಂಗಡಿಯ ಬೆಂಚೂ ತುಂಬಿತ್ತು.

ಮಂಟಪ ಅಲ್ಲೇ ನಿಂತಿತು. ಮುಂದೆ ಬೀದಿಗೆ ಅಡ್ಡ ಜೋತುಬಿದ್ದಿದ್ದ ವೈರನ್ನು ಯಾರೋ ಎತ್ತಿ ಹಿಡಿಯಬೇಕಿತ್ತು. ಬ್ಯಾಂಡು ಊದುವುದನ್ನು ನಿಲ್ಲಿಸಿತು. ವಿಜಯ್‌ಕುಮಾರ್ ಮೆಟ್ಟಿಲಿಳಿದು ಇನ್ನಾಸಪ್ಪನ ಹತ್ತಿರ ಬಂದ. ಬೇಸಿನ ಬಾಯಿಯ ಅಂಚಿಗೆ ಹೆಬ್ಬೆರಳಿನ ಉಗುರು ಇಟ್ಟು, ಒತ್ತಿ, ಒಂದು ಗೆರೆ ಎಳೆದ. ಜೋಸೆಫಿನ್‌ಳ ಕೈಯಲ್ಲಿ ಮಣಿ ನಿಂತಿತು. ಬೆಂಚಿನ ಮೇಲಿನವರು ಕತ್ತು ಚಾಚಿದರು.

ಏಳಲಿಲ್ಲ. ಅವನು ಇನ್ನೊಂದು ಕಡೆ ಎಳೆದ. ಅಲ್ಲೂ ಏಳಲಿಲ್ಲ. ಉಗುರನ್ನು ತಿರುಗಿಸಿ ನೋಡಿಕೊಂಡ, ಸವೆದದ್ದು ಉಗುರು.

"ಮೇಣ ಎಂಗೆ ತೆಗೆದ್ರಿ?" ಎಂದು ಹಿಂದೆ ನಿಂತಿದ್ದ ಜೋಸೆಫಿನ್‌ಳನ್ನು ಕೇಳಿದ. ಗಿರಾಕಿಯನ್ನು ಕೇಳುವ ದನಿಯಲ್ಲ. ತೊಟ್ಟಿಯವನು ತೊಟ್ಟಿಯವನನ್ನು ಕೇಳುವ ದನಿ.

ಈ ಗಳಿಗೆಗೆ ಎಂದು ಜೋಸೆಫಿನ್ ಎಷ್ಟೋ ಮಾತು ಹೊಂದಿಸಿ ಇಟ್ಟಿದ್ದಳು. ಅಡುಗೆ ಮಾಡುವಾಗ, ಬಫ್ ಮಾಡುವಾಗ ಒಂದೊಂದಾಗಿ ಮಸೆದು ಇಟ್ಟಿದ್ದಳು. ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಂಟುವಾಳ. ಜಜ್ಜಿ ಕುದಿಸಿ, ಬಿಸಿಬಿಸಿ ಇದ್ದಾಗಲೇ. ಮೇಣದ ವಿಷಯ ನೀವು ಹೇಳಿದ್ದು ನಿಜ." ಸ್ವಲ್ಪ ತಡೆದು ಸೇರಿಸಿದಳು. "ಅದೊಂದು ಮಾತ್ರ ನಿಜ."

ವಿಜಯ್‌ಕುಮಾರನ ಮೀಸೆ ಸ್ವಲ್ಪ ಅಲುಗಿತು. "ಕರೆಂಟು?"

"ಐವತ್ತು ಆಂಪಿಯರ್. ಮುಳ್ಳು ಅಲುಗಾಡಲ್ಲ. ನಾನೂ ನಮ್ಮ ಯಜಮಾನ್ರೂ ಕಟ್ಟಿದ್ದು. ಮೂವತ್ತು ಸುತ್ತು, ಎರಡು ಸಲ." ಬೆಂಚಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಅಂದಳು. "ನೋಡಬೇಕು ಅನ್ನೋರು ನಾಳೆ ರಾಜೀವನಗರಕ್ಕೆ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

ಈ ಸಲವೂ ಬೆಂಚಿನವರು ನಕ್ಕರು. ಈ ನಗು ಅವಳಿಗೆ ಚುಚ್ಚಲಿಲ್ಲ.

ಮುಂದೆ ವೈರು ಎತ್ತಿದರು, ಮಂಟಪ ಹೊರಟಿತು. ಇನ್ನಾಸಪ್ಪ ಹೆಂಡತಿಯ ಕಡೆ ಒಂದು ಸಲ ನೋಡಿ, ಹೊಟ್ಟೆ ತುಂಬ ಉಸಿರೆಳೆದುಕೊಂಡು ಬೇಸಿಗೆ ಬಾಯಿ ಕೊಟ್ಟ. ಆ ಮೊದಲ ಭೋಂಕಾರಕ್ಕೆ ವಿಜಯ್‌ಕುಮಾರನ ಅಂಗಡಿಯ ಅರ್ಧ ಎಳೆದ ಶಟರು ಗಡಗಡ ನಡುಗಿತು. ಜೋಸೆಫಿನ್‌ಳ ಬೆರಳಿಗೆ ಆಗ ಸಿಕ್ಕಿದ್ದು ದೊಡ್ಡ ಮಣಿ. ಅವಳು ಅದನ್ನು ಗಟ್ಟಿಯಾಗಿ ಹಿಡಿದು, ಪರಲೋಕ ಮಂತ್ರವನ್ನು ಒಂದಕ್ಷರವೂ ಬಿಡದೆ ಹೇಳಿಕೊಂಡು, ತಲೆಯೆತ್ತಿ ನಡೆದಳು.